ಕಾವಲೂರಿನ ಬೆಟ್ಟದಿಂದ ಗ್ರಹಗಳನ್ನು ನೋಡಿದ ವೈನು ಬಪ್ಪು

ಮಕ್ಕಳೇ, ನಮ್ಮ ಶ್ರೀನಿವಾಸಪುರದ ಸುತ್ತ ಎಲ್ಲಿ ನೋಡಿದರೂ ಮಾವಿನ ತೋಪುಗಳು. ಬೇಸಿಗೆಯಲ್ಲಿ ಕಾಯಿ ಕಾಯಲು ತೋಪಿನಲ್ಲಿ ಮಲಗುವವರಿಗೆ ಅಮಾವಾಸ್ಯೆಯ ಆಕಾಶ ಚೆನ್ನಾಗಿ ಗೊತ್ತು. ತಲೆಯ ಮೇಲೆ ಲೆಕ್ಕವಿಲ್ಲದಷ್ಟು ಚುಕ್ಕಿಗಳು! ಅವುಗಳ ನಡುವೆ ಕೆಲವು ಗ್ರಹಗಳೂ ಇರುತ್ತವೆ. ಅಲ್ಲಿಗೆ ಹೋಗಿ ನಾವು ವಾಸ ಮಾಡಬಹುದೇ ಎಂಬುದು ನಾನು ಯಾವ ಶಾಲೆಗೆ ಹೋದರೂ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ.

ಇದಕ್ಕೆ ಉತ್ತರ ಹೇಳುವ ಮೊದಲು ಆ ಲೋಕಗಳಲ್ಲಿ ಗಾಳಿ ಇದೆಯೇ, ನೀರಿದೆಯೇ, ಎಷ್ಟು ಬಿಸಿ, ಎಷ್ಟು ಚಳಿ ಎಂಬುದು ತಿಳಿಯಬೇಕು. ಅದನ್ನು ತಿಳಿಯಲು ಒಳ್ಳೆಯ ದೂರದರ್ಶಕ ಬೇಕು. ಭಾರತಕ್ಕೆ ಅಂತಹ ದೂರದರ್ಶಕಗಳನ್ನು ಒದಗಿಸಲು ತಮ್ಮ ಜೀವನವನ್ನೇ ಮುಡಿಪಾಗಿಟ್ಟವರು ಮನಾಲಿ ಕಲ್ಲಟ್ ವೈನು ಬಪ್ಪು.

ಬಪ್ಪು ಅವರು 1927ರ ಆಗಸ್ಟ್ 10ರಂದು ಚೆನ್ನೈಯಲ್ಲಿ ಹುಟ್ಟಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಹಾಗಾಗಿ ಚಿಕ್ಕಂದಿನಲ್ಲೇ ಬಾಲಕನಿಗೆ ದೂರದರ್ಶಕದ ಒಡನಾಟ ಸಿಕ್ಕಿತು. ನಿಜಾಮ್ ಕಾಲೇಜಿನಲ್ಲಿ ಓದು ಮುಗಿಸಿ, ಹೆಚ್ಚಿನ ಓದಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು.

ಅಲ್ಲಿಗೆ ಹೋದ ಸ್ವಲ್ಪ ಕಾಲದಲ್ಲೇ, 1949ರಲ್ಲಿ, ಆಕಾಶದ ಫೋಟೋ ಒಂದನ್ನು ಪರೀಕ್ಷಿಸುವಾಗ ಅವರಿಗೆ ಹೊಸ ಧೂಮಕೇತು ಕಂಡಿತು. ಅದಕ್ಕೆ ಬಪ್ಪು, ಬಾಕ್, ನ್ಯೂಕಿರ್ಕ್ ಎಂಬ ಮೂವರ ಹೆಸರನ್ನು ಸೇರಿಸಿ ಇಡಲಾಯಿತು. ಮುಂದೆ ಓಲಿನ್ ವಿಲ್ಸನ್ ಅವರ ಜೊತೆ ಸೇರಿ, ಕೆಲವು ಬಗೆಯ ನಕ್ಷತ್ರಗಳ ಬೆಳಕನ್ನು ಪರೀಕ್ಷಿಸಿ ಅವುಗಳ ನಿಜವಾದ ಪ್ರಕಾಶವನ್ನು ಅಳೆಯುವ ದಾರಿ ಕಂಡುಹಿಡಿದರು. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್–ಬಪ್ಪು ಪರಿಣಾಮ ಎಂದು ಹೆಸರು.

ಇಷ್ಟು ಹೆಸರು ಮಾಡಿದವರು ಅಮೆರಿಕದಲ್ಲೇ ಉಳಿಯಬಹುದಿತ್ತು. ಆದರೆ ಅವರು 1953ರಲ್ಲಿ ಭಾರತಕ್ಕೆ ಮರಳಿದರು. ಇಲ್ಲಿ ಆಗ ದೊಡ್ಡ ದೂರದರ್ಶಕಗಳಿರಲಿಲ್ಲ. ಮೊದಲು ನೈನಿತಾಲ್‌ನಲ್ಲಿ ವೀಕ್ಷಣಾಲಯ ಬೆಳೆಸಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಜಾಗ. ರಾತ್ರಿಯ ಆಕಾಶ ನೋಡಲು ಬೇರೆ ಸ್ಥಳ ಬೇಕಾಯಿತು. ಊರಿನ ದೀಪಗಳಿಲ್ಲದ ಕತ್ತಲು, ಮೋಡ ಕಡಿಮೆ ಇರುವ ಆಕಾಶ ಎರಡೂ ಇರುವ ಬೆಟ್ಟವನ್ನು ಹುಡುಕಿದರು. ಕೊನೆಗೆ ಆರಿಸಿದ್ದು ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರು. ಇದು ನಮ್ಮ ಜಿಲ್ಲೆಗೆ ದೂರವೇನಲ್ಲ. ಬಂಗಾರಪೇಟೆಯಿಂದ ಚೆನ್ನೈ ಕಡೆಗೆ ರೈಲಿನಲ್ಲಿ ಹೋದರೆ ವಾಣಿಯಂಬಾಡಿ ಸಿಗುತ್ತದೆ. ಕಾವಲೂರು ಅದರ ಸಮೀಪದ ಬೆಟ್ಟದ ಮೇಲಿದೆ.

1968ರಲ್ಲಿ ಅಲ್ಲಿ ಕೇವಲ 38 ಸೆಂಟಿಮೀಟರ್ ಅಗಲದ ದೂರದರ್ಶಕದಿಂದ ಕೆಲಸ ಆರಂಭವಾಯಿತು. 1972ರಲ್ಲಿ 1 ಮೀಟರ್ ಅಗಲದ್ದು ಬಂದಿತು. ಅದೇ ವರ್ಷ ಜೂನ್ 7ರಂದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಉಪಗ್ರಹದಲ್ಲಿ ಗಾಳಿ ಇಲ್ಲದಿದ್ದರೆ ನಕ್ಷತ್ರ ದೀಪ ಆರಿಸಿದಂತೆ ಥಟ್ಟನೆ ಮರೆಯಾಗಬೇಕು. ಗಾಳಿಯ ಹೊದಿಕೆ ಇದ್ದರೆ ಹಬೆಯ ಹಿಂದಿನ ದೀಪದಂತೆ ಬೆಳಕು ಸ್ವಲ್ಪ ಸ್ವಲ್ಪವಾಗಿ ಮಂಕಾಗಬೇಕು. ಕಾವಲೂರು ಮತ್ತು ಇಂಡೊನೇಷ್ಯಾದ ಜಾವಾದಲ್ಲಿ ಬೆಳಕನ್ನು ಅಳೆದ ವಿಜ್ಞಾನಿಗಳು, ಅಲ್ಲಿ ತೆಳುವಾದ ವಾಯುಮಂಡಲ ಇದೆ ಎಂದು ವರದಿ ಮಾಡಿದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1979ರಲ್ಲಿ ವಾಯೇಜರ್ ನೌಕೆ ಹತ್ತಿರದಿಂದ ನೋಡಿದಾಗ ಅಷ್ಟು ಗಾಳಿ ಕಾಣಲಿಲ್ಲ. ಮುಂದೆ ಹಬಲ್ ದೂರದರ್ಶಕ ಅಲ್ಲಿ ಅತಿ ತೆಳುವಾದ ಆಮ್ಲಜನಕದ ಪದರವನ್ನು ಪತ್ತೆ ಮಾಡಿತು. ಅದು ಉಸಿರಾಡಲು ಏನೇನೂ ಸಾಲದು. ಒಂದು ಅಳತೆಯನ್ನು ಇನ್ನೊಂದು ಅಳತೆ ತಿದ್ದುತ್ತಾ ಹೋಗುವುದೇ ವಿಜ್ಞಾನ.

1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. ಮುಂದೆ ಅದರ ಕೇಂದ್ರ ಬೆಂಗಳೂರಿಗೆ ಬಂದಿತು. ಅದನ್ನು ಕಟ್ಟಿ ಬೆಳೆಸಿದವರು ಬಪ್ಪು. 2.34 ಮೀಟರ್ ಅಗಲದ ಕನ್ನಡಿಯ ದೂರದರ್ಶಕವನ್ನು ನಮ್ಮ ದೇಶದಲ್ಲೇ ಕಟ್ಟಬೇಕೆಂಬುದು ಅವರ ದೊಡ್ಡ ಕನಸು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. 1981ರಲ್ಲಿ ಪದ್ಮಭೂಷಣ ಬಂದಿತು. ಆದರೆ 1982ರ ಆಗಸ್ಟ್ 19ರಂದು, ದೂರದರ್ಶಕದ ಕೆಲಸ ಇನ್ನೂ ನಡೆಯುತ್ತಿರುವಾಗಲೇ, ಜರ್ಮನಿಯ ಮ್ಯೂನಿಕ್‌ನಲ್ಲಿ ಅವರು ನಿಧನರಾದರು. ಆಗ ಅವರಿಗೆ 55 ವರ್ಷ. ಅವರ ಸಂಗಡಿಗರು ಕೆಲಸ ನಿಲ್ಲಿಸಲಿಲ್ಲ. 1986ರಲ್ಲಿ ದೂರದರ್ಶಕ ಸಿದ್ಧವಾಯಿತು. ಅದಕ್ಕೆ ವೈನು ಬಪ್ಪು ಅವರ ಹೆಸರನ್ನೇ ಇಡಲಾಯಿತು. ತಾವು ಕಟ್ಟಿಸಿದ ದೂರದರ್ಶಕದಲ್ಲಿ ಒಮ್ಮೆಯೂ ಇಣುಕಿ ನೋಡಲು ಅವರಿಗೆ ಆಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಶುಕ್ರನ ಮೇಲೆ ಸುಮಾರು 460 ಡಿಗ್ರಿ ಸೆಲ್ಸಿಯಸ್ ಬಿಸಿ. ಗ್ಯಾನಿಮೀಡ್‌ನಲ್ಲಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿನ ಚಳಿ. ಇದ್ದುದರಲ್ಲಿ ಮಂಗಳವೇ ವಾಸಿ. ಆದರೂ ಅಲ್ಲಿನ ಗಾಳಿಯ ಒತ್ತಡ ನಮ್ಮ ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಇರುವ ಗಾಳಿಯೂ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. 2021ರಿಂದ 2023ರವರೆಗೆ ಒಂದು ಯಂತ್ರ ಆ ಗಾಳಿಯಿಂದ ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾಗುವುದು ಸುಮಾರು 840 ಗ್ರಾಂ! ಅಂದರೆ ಆ ಎಲ್ಲ ಆಮ್ಲಜನಕ ಒಬ್ಬರ ಮೂರೂವರೆ ಗಂಟೆಯ ಉಸಿರಿಗೆ ಸಾಕಾಗುತ್ತದೆ. ಮುಂದೊಂದು ದಿನ ಮುಚ್ಚಿದ ಮನೆಗಳಲ್ಲಿ ಕೆಲವರು ಅಲ್ಲಿ ಇರಬಹುದು. ತೋಪಿನಲ್ಲಿ ಬಯಲಿಗೆ ಮಲಗಿ ಹಾಯಾಗಿ ಉಸಿರಾಡುವಂತಹ ಇನ್ನೊಂದು ಲೋಕ ಇಲ್ಲಿಯವರೆಗೆ ಸಿಕ್ಕಿಲ್ಲ.

ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳನ್ನು ಕಂಡ ನಮಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಬೇರೆ ಲೋಕಗಳಲ್ಲಿ ವಿಜ್ಞಾನಿಗಳು ಮೊದಲು ಹುಡುಕುವುದೂ ನೀರನ್ನೇ. ಅವರು ಹುಡುಕುತ್ತಿರಲಿ, ನಾಳೆ ನೀವೂ ಅವರ ಜೊತೆ ಸೇರಿ. ಅಲ್ಲಿಯವರೆಗೆ ನಮ್ಮ ಊರಿನ ಕೆರೆಯನ್ನು ಕಾಪಾಡೋಣ.

ಮಾಡಿ ನೋಡಿ: ಮಿನುಗದೆ ಸ್ಥಿರವಾಗಿ ಹೊಳೆಯುವ ಗುರುಗ್ರಹವನ್ನು ಶಿಕ್ಷಕರ ನೆರವಿನಿಂದ ಗುರುತಿಸಿ. ದುರ್ಬೀನು ಸಿಕ್ಕರೆ ಅದರ ಪಕ್ಕದಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. ಮೂರು ನಾಲ್ಕು ರಾತ್ರಿ ಅವುಗಳ ಜಾಗವನ್ನು ಪುಸ್ತಕದಲ್ಲಿ ಬರೆದಿಡಿ. ಅವು ಜಾಗ ಬದಲಿಸುವುದೇಕೆ? ಯೋಚಿಸಿ.