ಮಹಾದೇವ ಬಾಬಾ ಬಚ್ಚಿಟ್ಟ ಜಾತಕ

ರಾಯಚೂರು: ಗಿಲ್ಲೆಸುಗೂರು, ಮಾನ್ವಿ, ದೇವದುರ್ಗಗಳಿರುವ ರಾಯಚೂರು ದೋಆಬಿನಿಂದ ಕೃಷ್ಣಾ ನದಿ ದಾಟಿದರೆ ಸುರಪುರ ಸೀಮೆ. ಬೇಡ ನಾಯಕ ಅರಸರ ಆ ರಾಜಧಾನಿಯ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆ ಇದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್‌ನ ಹೆಸರಿನೊಡನೆ ಎರಡು ವಿಚಿತ್ರ ಕಥೆಗಳು ಬೆಸೆದುಕೊಂಡಿವೆ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದ ಟೇಲರ್ ಹದಿನೈದರ ಹರೆಯದಲ್ಲಿ ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲೆಂದು ಮುಂಬಯಿಗೆ ಬಂದನು. 1824ರಲ್ಲಿ ನಿಜಾಮನ ಸೇನೆ ಸೇರಿದನು. ಠಕ್ಕರನ್ನು ಕುರಿತು 1839ರಲ್ಲಿ ಪ್ರಕಟಿಸಿದ ಕಾದಂಬರಿ ಆತನಿಗೆ ಇಂಗ್ಲೆಂಡಿನಲ್ಲಿ ಕೀರ್ತಿ ತಂದಿತು. ಸುರಪುರದ ಗದ್ದುಗೆಯ ಕಲಹವನ್ನು ಬಗೆಹರಿಸಲು 1841ರಲ್ಲಿ ಆತನನ್ನು ಕಳುಹಿಸಲಾಯಿತು. ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡನು. ಮೆಡೋಸ್ ಎಂಬ ಹೆಸರು ಜನರ ಬಾಯಲ್ಲಿ ಮಹಾದೇವ ಬಾಬಾ ಎಂದಾಯಿತು. ಬಾಲಕ ಅರಸನು ಆತನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ಮೊದಲನೆಯ ಕಥೆ ಮೋರ್ಯರ ಮನೆಗಳದು. ರಾಜನ ಕೋಳೂರಿನಲ್ಲಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಕೋಣೆಗಳು ಕುಳ್ಳ ಜನಾಂಗವೊಂದರ ವಾಸಸ್ಥಾನಗಳೆಂದು ಜನ ನಂಬಿದ್ದರು. ಟೇಲರ್ ಅಲ್ಲಿಗೆ ಸುಮ್ಮನಾಗಲಿಲ್ಲ. ಜೇವರ್ಗಿಯ ಬಳಿ ಕಲ್ಲುಗುಪ್ಪೆಗಳನ್ನು ಅಗೆಸಿದಾಗ ಮನುಷ್ಯರ ಅಸ್ಥಿಗಳು, ಮಡಕೆಗಳು ದೊರೆತವು. ಇವುಗಳಿಗೂ ಯುರೋಪಿನ ಪ್ರಾಚೀನ ಸಮಾಧಿಗಳಿಗೂ ನಂಟಿದೆ ಎಂಬ ಆತನ ಊಹೆಯನ್ನು ವಿದ್ವಾಂಸರು ಈಗ ಒಪ್ಪುವುದಿಲ್ಲ. ಆದರೆ ಇವು ಸತ್ತವರಿಗಾಗಿ ಎತ್ತಿದ ಕಲ್ಲುಗಳೆಂಬುದು ನಿಜವಾಯಿತು; ಇಂಥ ಬೃಹತ್ ಶಿಲಾ ಸಮಾಧಿಗಳು ಬಹುಮಟ್ಟಿಗೆ ಕಬ್ಬಿಣ ಯುಗದವು.

ಎರಡನೆಯ ಕಥೆ ಜಾತಕದ್ದು. ರಾಜನು ತನ್ನ 24ನೇ ವರ್ಷದಲ್ಲಿ ಸಾಯುವನೆಂದು ಜೋಯಿಸರು ಬರೆದಿಟ್ಟಿದ್ದರೆಂದೂ, ರಾಣಿಯು ಈ ಗುಟ್ಟನ್ನು ತನಗೆ ತಿಳಿಸಿದಳೆಂದೂ ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆತ ಅದನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡನು.

1853ರಲ್ಲಿ ವೆಂಕಟಪ್ಪ ನಾಯಕನು ಅಧಿಕಾರ ವಹಿಸಿಕೊಂಡನು. ಅದೇ ವರ್ಷ ರಾಯಚೂರು ದೋಆಬು ನಿಜಾಮನ ಕೈಬಿಟ್ಟು ಬ್ರಿಟಿಷರ ಆಡಳಿತಕ್ಕೆ ಸೇರಿತು. 1857ರ ದಂಗೆಯ ಕಿಡಿ ಸುರಪುರಕ್ಕೂ ಹಾರಿತು. 1858ರ ಫೆಬ್ರುವರಿಯಲ್ಲಿ ನಡೆದ ಕಾಳಗದ ಬಳಿಕ ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಸೆರೆಮನೆಯಲ್ಲಿ ಟೇಲರ್ ಆತನನ್ನು ಕಂಡನು. ಮರಣದಂಡನೆ ಮೊದಲು ಗಡೀಪಾರಾಗಿ, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಬಂಧನಕ್ಕೆ ಇಳಿಯಿತು. ಜಾತಕ ಸುಳ್ಳಾಯಿತೆಂದು ಟೇಲರ್ ನಿಟ್ಟುಸಿರು ಬಿಟ್ಟನು. ಆದರೆ ಪಯಣದ ಹಾದಿಯಲ್ಲೇ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ಅದು ಆಕಸ್ಮಿಕವೋ, ಆತ್ಮಹತ್ಯೆಯೋ, ಬೇರೇನೋ ಎಂಬ ಪ್ರಶ್ನೆ ಉಳಿದೇಹೋಯಿತು. ಸುರಪುರದ ಅರಸೊತ್ತಿಗೆಯೂ ಮುಗಿಯಿತು. ಸಂಸ್ಥಾನವನ್ನು ನಿಜಾಮನಿಗೆ ಕೊಡಲಾಯಿತು.

1860ರಲ್ಲಿ ಭಾರತ ಬಿಟ್ಟ ಟೇಲರ್ 1876ರಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡನು. ಮರುವರ್ಷ ಆತ್ಮಕಥೆ ಪ್ರಕಟವಾಯಿತು.

ವಿಧಿಯ ಕಥೆ ಕೇಳಲು ರೋಚಕ. ಆದರೆ ಸಾವು ಹಣೆಬರಹವೆಂದು ಒಪ್ಪಿಬಿಟ್ಟರೆ ಕೋವಿ ಯಾರದು, ರಾಜ್ಯ ಯಾರ ಪಾಲಾಯಿತು ಎಂಬ ಪ್ರಶ್ನೆಗಳು ತಾವಾಗಿ ಅಡಗುತ್ತವೆ. ಮೋರ್ಯರ ಕಥೆಯ ಬುಡವನ್ನು ಗುದ್ದಲಿ ಹಿಡಿಸಿ ಅಗೆಸಿದ ಮಹಾದೇವ ಬಾಬಾ, ತಾನು ಸಾಕಿದ ಅರಸನ ಕಥೆಯನ್ನು ಮಾತ್ರ ಅಗೆಯದೆ ಬಿಟ್ಟನು.