ಸ್ನೂಪಿ ನಾಯಿಯನ್ನು ಬರೆದ ಚಾರ್ಲ್ಸ್ ಶುಲ್ಜ್



ಸಂತೆಯಲ್ಲಿ ಮಾರುವ ಸ್ಕೂಲ್ ಬ್ಯಾಗುಗಳ ಮೇಲೆ, ಟೀ ಶರ್ಟುಗಳ ಮೇಲೆ ಒಂದು ಬಿಳಿ ನಾಯಿಯ ಚಿತ್ರ ಇರುತ್ತದೆ. ನೋಡಿದ್ದೀರಾ? ಕಿವಿ ಮಾತ್ರ ಕಪ್ಪು, ಮೂಗು ದಪ್ಪ. ನನ್ನ ತಂಗಿಯ ಫ್ರಾಕಿನ ಮೇಲೂ ಅದೇ ಇದೆ. ಆ ನಾಯಿಯ ಹೆಸರು ಸ್ನೂಪಿ. ಅದನ್ನು ಬರೆದವರು ಅಮೆರಿಕಾ ದೇಶದ ಚಾರ್ಲ್ಸ್ ಶುಲ್ಜ್ ಎಂಬ ಮಹನೀಯರು. ನಮ್ಮ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಅವರ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಮೇಷ್ಟ್ರು ಅದನ್ನು ಓದಿ ನನಗೆ ಅರ್ಥ ಹೇಳಿದರು. ಈ ಸಲದ ಗೋಡೆ ಪತ್ರಿಕೆಗೆ ಗಾಂಧೀಜಿಯವರ ಬಗ್ಗೆ, ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಆಗಲೇ ಬೇರೆಯವರು ಬರೆದುಕೊಟ್ಟಿದ್ದಾರೆ. ಅದಕ್ಕೆ ನಾನು ಇವರನ್ನು ಆರಿಸಿಕೊಂಡೆ. ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಚಾರ್ಲ್ಸ್ ಶುಲ್ಜ್ ಅವರು 1922ನೇ ಇಸವಿ ನವೆಂಬರ್ 26ರಂದು ಅಮೆರಿಕಾದ ಮಿನಿಯಾಪೊಲಿಸ್ ನಗರದಲ್ಲಿ ಜನಿಸಿದರು. ತಂದೆ ಕಾರ್ಲ್, ತಾಯಿ ಡೀನಾ. ಇವರು ಒಬ್ಬನೇ ಮಗ. ಬೆಳೆದದ್ದು ಪಕ್ಕದ ಸೇಂಟ್ ಪಾಲ್ ನಗರದಲ್ಲಿ. ಎರಡು ಊರಿಗೂ ನಡುವೆ ಒಂದು ದೊಡ್ಡ ನದಿ ಇದೆ ಅಷ್ಟೆ.

ಆಗ ಅಮೆರಿಕಾದ ಪತ್ರಿಕೆಗಳಲ್ಲಿ ಬಾರ್ನಿ ಗೂಗಲ್ ಎಂಬ ಕಾಮಿಕ್ಸ್ ಬರುತ್ತಿತ್ತು. ಈಗ ಮೊಬೈಲಿನಲ್ಲಿ ಹುಡುಕುವ ಗೂಗಲ್ ಅಲ್ಲ, ಅದು ಒಬ್ಬ ಕುಳ್ಳನ ಹೆಸರು. ಬಿಲ್ಲಿ ಡಿಬೆಕ್ ಎಂಬುವರು ಅದನ್ನು ಬರೆಯುತ್ತಿದ್ದರು. ಅದರೊಳಗೆ ಸ್ಪಾರ್ಕ್ ಪ್ಲಗ್ ಎಂಬ ಒಂದು ಕುದುರೆ ಬಂತು. ರೇಸಿನ ಕುದುರೆಯೇ, ಆದರೆ ನೋಡಿದರೆ ನಗು ಬರುವಂಥದ್ದು. ಜನರಿಗೆ ಅದೆಂದರೆ ತುಂಬಾ ಇಷ್ಟ. ಶುಲ್ಜ್ ಹುಟ್ಟಿದ ಒಂದೆರಡು ದಿನಕ್ಕೇ ಅವರ ಬಂಧು ಒಬ್ಬರು ಮಗುವನ್ನು ನೋಡಿ ಆ ಕುದುರೆಯ ಹೆಸರನ್ನೇ ಇಟ್ಟುಬಿಟ್ಟರು. ಅದು ಸವೆದು ಸ್ಪಾರ್ಕಿ ಅಂತ ಆಯಿತು. ಸಾಯುವವರೆಗೂ ಮನೆಯವರು, ಸ್ನೇಹಿತರು ಎಲ್ಲಾ ಅವರನ್ನು ಸ್ಪಾರ್ಕಿ ಎಂದೇ ಕರೆಯುತ್ತಿದ್ದರು. ಎಷ್ಟು ವಿಚಿತ್ರ ನೋಡಿ! ನಮ್ಮಲ್ಲಿ ದೇವರ ಹೆಸರು, ತಾತನ ಹೆಸರು ಇಡುತ್ತಾರೆ. ಅವರಿಗೆ ಕಾಮಿಕ್ಸಿನ ಕುದುರೆಯ ಹೆಸರು ಬಂತು. ಆಮೇಲೆ ಅವರು ಕಾಮಿಕ್ಸನ್ನೇ ಬರೆದರು.

ಅವರ ತಂದೆಗೂ ಕಾಮಿಕ್ಸ್ ಎಂದರೆ ಪ್ರಾಣ. ಶನಿವಾರ ರಾತ್ರಿ ಒಂಬತ್ತು ಗಂಟೆಗೆ ಭಾನುವಾರದ ಪೇಪರುಗಳು ಅಂಗಡಿಗೆ ಬಂದು ಬೀಳುತ್ತಿದ್ದವು. ಹುಡುಗ ಸ್ಪಾರ್ಕಿ ಓಡಿ ಹೋಗಿ ಮಿನಿಯಾಪೊಲಿಸಿನ ಎರಡು ಪೇಪರು ತರುತ್ತಿದ್ದರು. ಬೆಳಿಗ್ಗೆ ಎದ್ದು ತಂದೆ ಸೇಂಟ್ ಪಾಲಿನ ಎರಡು ಪೇಪರು ತರುತ್ತಿದ್ದರು. ಒಟ್ಟು ನಾಲ್ಕು ಪೇಪರು! ಅಪ್ಪ ಮಗ ಇಬ್ಬರೂ ಕೂತು ನಾಲ್ಕರ ಕಾಮಿಕ್ಸನ್ನೂ ಓದುತ್ತಿದ್ದರು. ನಮ್ಮ ಊರಿಗೆ ಬರುವುದು ಒಂದೇ ಪೇಪರು, ಭಾನುವಾರದ ಪುರವಣಿ ಬೇರೆ ಯಾರಾದರೂ ಮೊದಲೇ ಎತ್ತಿಕೊಂಡು ಹೋಗಿರುತ್ತಾರೆ. ಅದಕ್ಕೆ ಈ ಭಾಗವನ್ನು ಕೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಅವರು ಪಾಪಾಯ್ ಕಾಮಿಕ್ಸನ್ನು ಬಹಳ ಮೆಚ್ಚಿಕೊಂಡಿದ್ದರು. ಪಾಲಕ್ ಸೊಪ್ಪು ತಿಂದು ಶಕ್ತಿ ಪಡೆಯುವ ನಾವಿಕ ಅವನು. ಸೇಗರ್ ಎಂಬುವರು ಬರೆದದ್ದು. (ನಮ್ಮ ಹಳೆಯ ಬಾಲಮಂಗಳದ ಡಿಂಗನನ್ನು ಓದಿದವರಿಗೆ ಇಂಥವರು ಹೊಸಬರಲ್ಲ.) ಶಾಲೆಯಲ್ಲಿ ತಮ್ಮ ಪುಸ್ತಕದ ರಟ್ಟಿನ ಮೇಲೆ ಪಾಪಾಯ್, ಮಿಕ್ಕಿ ಮೌಸ್ ಚಿತ್ರಗಳನ್ನು ನೋಡಿ ನೋಡಿ ಬರೆಯುತ್ತಿದ್ದರು. ಉಳಿದ ಹುಡುಗರು ತಮ್ಮ ಪುಸ್ತಕದ ಮೇಲೂ ಬರೆದುಕೊಡು ಅಂತ ಗಂಟುಬೀಳುತ್ತಿದ್ದರು.

ಅವರ ಮನೆಯಲ್ಲಿ ಸ್ಪೈಕ್ ಎಂಬ ನಾಯಿ ಇತ್ತು. ಅದು ಗುಂಡುಪಿನ್ನು, ಮೊಳೆ, ಬ್ಲೇಡು ಕೂಡ ತಿನ್ನುತ್ತಿತ್ತಂತೆ. ಆ ನಾಯಿಯ ಚಿತ್ರ ಬರೆದು ಒಂದು ಪ್ರಸಿದ್ಧ ಪತ್ರಿಕಾ ಅಂಕಣಕ್ಕೆ ಕಳಿಸಿದರು. 1937ರಲ್ಲಿ ಅದು ಅಚ್ಚಾಯಿತು. ಆಗ ಅವರಿಗೆ 14 ವರ್ಷ, ನನಗಿಂತ ಒಂದೇ ವರ್ಷ ದೊಡ್ಡವರು. ಕೆಳಗೆ ಹಾಕಿದ್ದ ಹೆಸರು ಸ್ಪಾರ್ಕಿ.

ಆದರೆ ಶಾಲೆಯಲ್ಲಿ ಹಾಗೆ ಆಗಲಿಲ್ಲ. ಸೆಂಟ್ರಲ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ವಾರ್ಷಿಕ ಸಂಚಿಕೆಗೆ ಚಿತ್ರ ಬರೆದುಕೊಟ್ಟರು. ಸಂಚಿಕೆ ಬಂದಾಗ ಹಾಳೆ ಮಗುಚಿ ಹಾಕಿ ಹುಡುಕಿದರೂ ಒಂದೂ ಇರಲಿಲ್ಲ. ಪಾಪ, ಆ ಬೇಜಾರು ಅವರಿಗೆ ಮುದುಕರಾದರೂ ಹೋಗಲಿಲ್ಲ. 60 ವರ್ಷ ಆದ ಮೇಲೆ ಅದೇ ಶಾಲೆಯ ಆಫೀಸಿನಲ್ಲಿ ಐದು ಅಡಿ ಎತ್ತರದ ಸ್ನೂಪಿಯ ಬೊಂಬೆ ನಿಲ್ಲಿಸಿದರು. ಹೋದ ತಿಂಗಳು ನನ್ನ ನವಿಲಿನ ಚಿತ್ರಕ್ಕೆ ಜಾಗ ಇಲ್ಲ ಎಂದ ನಮ್ಮ ಗೋಡೆ ಪತ್ರಿಕೆಯ ಸಂಪಾದಕ ಗೆಳೆಯರು ಇದನ್ನು ದಯವಿಟ್ಟು ಗಮನಿಸಬೇಕು.

ಆಮೇಲೆ ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಒಂದು ಶಾಲೆಗೆ ಸೇರಿದರು. ಫೀಸು 170 ಡಾಲರ್. ಆ ಕಾಲಕ್ಕೆ ಅದು ದೊಡ್ಡ ಹಣ, ತಂದೆ ಕಷ್ಟಪಟ್ಟು ಕಂತಿನಲ್ಲಿ ಕಟ್ಟಿದರು. ಶಾಲೆ ಇದ್ದದ್ದು ನದಿಯ ಆಚೆ ದಡದ ಮಿನಿಯಾಪೊಲಿಸಿನಲ್ಲೇ. ಆದರೂ ಇವರು ಪಾಠಗಳನ್ನು ಪೋಸ್ಟಿನಲ್ಲೇ ಕಳಿಸುತ್ತಿದ್ದರು, ಅಷ್ಟು ನಾಚಿಕೆ ಸ್ವಭಾವ. ತಮಾಷೆ ಏನು ಗೊತ್ತಾ? ಮಕ್ಕಳ ಚಿತ್ರ ಬರೆಯುವ ಪಾಠದಲ್ಲಿ ಅವರಿಗೆ ಸಿಕ್ಕಿದ್ದು ಸಿ ಪ್ಲಸ್. ಮುಂದೆ ಸುಮಾರು 50 ವರ್ಷ ಅವರು ಬರೆದದ್ದೆಲ್ಲಾ ಮಕ್ಕಳ ಚಿತ್ರವೇ!

1943ರಲ್ಲಿ ಎರಡನೇ ಮಹಾಯುದ್ಧಕ್ಕಾಗಿ ಅವರನ್ನು ಸೈನ್ಯಕ್ಕೆ ಕರೆದುಕೊಂಡರು. ಅದೇ ವರ್ಷ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಇದನ್ನು ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಯುದ್ಧ ಮುಗಿದ ಮೇಲೆ ಅದೇ ಅಂಚೆ ಶಾಲೆಯಲ್ಲಿ ಬೇರೆಯವರ ಚಿತ್ರ ತಿದ್ದುವ ಕೆಲಸ ಸಿಕ್ಕಿತು. ಆ ದಿನಗಳಲ್ಲಿ ಅವರ ಕೈಗೆ ಬಂದದ್ದು ಜಾರ್ಜ್ ಹೆರಿಮನ್ ಬರೆದ ಕ್ರೇಜಿ ಕ್ಯಾಟ್ ಎಂಬ ಕಾಮಿಕ್ಸ್. ಅದರಲ್ಲಿ ಒಂದು ಬೆಕ್ಕಿಗೆ ಒಂದು ಇಲಿಯ ಮೇಲೆ ಪ್ರೀತಿ. ಇಲಿ ಬೆಕ್ಕಿನ ತಲೆಗೆ ಇಟ್ಟಿಗೆ ಎಸೆಯುತ್ತದೆ. ಬೆಕ್ಕು ಅದನ್ನೂ ಪ್ರೀತಿ ಎಂದೇ ತಿಳಿಯುತ್ತದೆ. ವರ್ಷಗಟ್ಟಲೆ ಕಥೆ ಇಷ್ಟೇ, ಆದರೂ ಒಂದು ಸಲ ಇದ್ದಂತೆ ಇನ್ನೊಂದು ಸಲ ಇಲ್ಲ. ಇದನ್ನು ನೋಡಿ ಶುಲ್ಜ್ ತಾವೂ ಇಷ್ಟು ಚೆನ್ನಾಗಿ ಬರೆಯಬೇಕು ಎಂದುಕೊಂಡರು.

ಸೇಂಟ್ ಪಾಲಿನ ಪಯೋನಿಯರ್ ಪ್ರೆಸ್ ಪತ್ರಿಕೆಯಲ್ಲಿ 1947ರಿಂದ ಅವರ ಚಿತ್ರಗಳು ಬಂದವು. ಅಪ್ಪ ಮಗ ಕಾಮಿಕ್ಸ್ ಓದಿ ಬೆಳೆದ ಊರಿನದೇ ಪತ್ರಿಕೆ! ಅಲ್ಲೂ ಸ್ಪಾರ್ಕಿ ಎಂದೇ ಸಹಿ. ನಂತರ 1950ರ ಅಕ್ಟೋಬರ್ 2ರಂದು ಅವರ ಪ್ರಸಿದ್ಧ ಕಾಮಿಕ್ಸ್ ಪೀನಟ್ಸ್ ಏಳು ಪತ್ರಿಕೆಗಳಲ್ಲಿ ಶುರುವಾಯಿತು. ಪೀನಟ್ಸ್ ಎಂದರೆ ಕಡಲೆಕಾಯಿ. ಈ ಹೆಸರು ಇಟ್ಟದ್ದು ಕಂಪನಿಯವರು, ಶುಲ್ಜ್ ಅವರಿಗೆ ಕೊನೆಯವರೆಗೂ ಇಷ್ಟವಾಗಲಿಲ್ಲ.

ಅದರಲ್ಲಿ ಇರುವವರು ಮಕ್ಕಳೇ, ದೊಡ್ಡವರ ಮುಖ ಕಾಣುವುದಿಲ್ಲ. ನಾಯಕ ಚಾರ್ಲಿ ಬ್ರೌನ್ ಯಾವಾಗಲೂ ಸೋಲುತ್ತಾನೆ. ಗಾಳಿಪಟ ಬಿಟ್ಟರೆ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಲೂಸಿ ಎಂಬ ಹುಡುಗಿ ಚೆಂಡನ್ನು ನೆಲದ ಮೇಲೆ ಹಿಡಿದುಕೊಂಡು ಒದೆಯಲು ಕರೆಯುತ್ತಾಳೆ. ಇವನು ಓಡಿ ಬಂದಾಗ ಚೆಂಡನ್ನು ಎಳೆದುಬಿಡುತ್ತಾಳೆ. ಇವನು ದೊಪ್ ಅಂತ ಬೀಳುತ್ತಾನೆ. ಮುಂದಿನ ವರ್ಷ ಮತ್ತೆ ನಂಬುತ್ತಾನೆ, ಮತ್ತೆ ಬೀಳುತ್ತಾನೆ. ಇದು ಕ್ರೇಜಿ ಕ್ಯಾಟಿನ ಇಟ್ಟಿಗೆಯ ಹಾಗೇ ಇದೆ ಅಲ್ಲವೇ? ಅವರು ಬೆಕ್ಕನ್ನೂ ತೆಗೆದುಕೊಳ್ಳಲಿಲ್ಲ, ಇಟ್ಟಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಪಾಪಾಯನ್ನು ನೋಡಿ ಬರೆದದ್ದು ಕಾಪಿ. ಇದು ಕಾಪಿ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಉಳಿದದ್ದನ್ನು ತಮ್ಮ ಮನೆಯಿಂದಲೇ ತೆಗೆದುಕೊಂಡರು. ನಾಯಿಗೆ ಮೊದಲು ಸ್ನಿಫಿ ಎಂದು ಇಡಬೇಕೆಂದಿದ್ದರು. ಬೇರೆ ಕಾಮಿಕ್ಸಿನಲ್ಲಿ ಆ ಹೆಸರು ಆಗಲೇ ಇತ್ತು. ಆಗ ಮುಂದೆ ಇನ್ನೊಂದು ನಾಯಿ ಸಾಕಿದರೆ ಸ್ನೂಪಿ ಎಂದು ಹೆಸರಿಡಬೇಕು ಎಂದು ತಾಯಿ ಹೇಳಿದ್ದದ್ದು ನೆನಪಾಯಿತು. ಹಾಗೆ ಸ್ನೂಪಿ ಬಂತು. ಬ್ಲೇಡು ತಿನ್ನುತ್ತಿದ್ದ ಸ್ಪೈಕ್ ಮುಂದೆ ಸ್ನೂಪಿಯ ಅಣ್ಣನಾಗಿ ಬಂತು.

1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆ ಆದ ಮೇಲೆ ಒಬ್ಬ ಶಿಕ್ಷಕಿ ಕಪ್ಪು ಹುಡುಗನನ್ನೂ ಕಾಮಿಕ್ಸಿನಲ್ಲಿ ಸೇರಿಸಿ ಎಂದು ಅವರಿಗೆ ಪತ್ರ ಬರೆದರು. ಅದೇ ವರ್ಷ ಫ್ರಾಂಕ್ಲಿನ್ ಎಂಬ ಹುಡುಗ ಬಂದ. 1969ರಲ್ಲಿ ಚಂದ್ರನ ಹತ್ತಿರ ಹೋದ ಅಪೊಲೊ 10ರ ಎರಡು ನೌಕೆಗಳಿಗೆ ಚಾರ್ಲಿ ಬ್ರೌನ್, ಸ್ನೂಪಿ ಎಂದೇ ಹೆಸರಿಟ್ಟಿದ್ದರು.

ಇವರು ಬರೆದ ಪೀನಟ್ಸ್ ಒಟ್ಟು 17,897. ಎಲ್ಲವನ್ನೂ ತಾವೇ ಬರೆದರು, ಸಹಾಯಕರಿಗೆ ಕೊಡಲಿಲ್ಲ. ವಯಸ್ಸಾದ ಮೇಲೆ ಕೈ ನಡುಗುತ್ತಿತ್ತು, ಗೆರೆಯೂ ನಡುಗುತ್ತಿತ್ತು. ಆದರೂ ಬರೆದರು. ಕೊನೆಗೆ ಸುಮಾರು 2,600 ಪತ್ರಿಕೆಗಳಲ್ಲಿ ಬರುತ್ತಿತ್ತು. 1999ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. 2000ನೇ ಇಸವಿ ಫೆಬ್ರವರಿ 12ರ ರಾತ್ರಿ 77ನೇ ವಯಸ್ಸಿನಲ್ಲಿ ನಿಧನರಾದರು. ಮಾರನೇ ದಿನ ಭಾನುವಾರ. ಅವರ ಕೊನೆಯ ಕಾಮಿಕ್ಸ್ ಅವತ್ತಿನ ಪೇಪರಿನಲ್ಲಿ ಬಂತು. ಶನಿವಾರ ರಾತ್ರಿ ಪೇಪರಿಗೆ ಓಡುತ್ತಿದ್ದ ಹುಡುಗ ಶನಿವಾರ ರಾತ್ರಿಯೇ ಹೋದರು.

ಈಗ ಇನ್ನೊಂದು ಕಾರಣ. ಶುಲ್ಜ್ ಅವರ ತಂದೆಯ ಕೆಲಸ ನಾನು ಬೇಕೆಂದೇ ಮೇಲೆ ಬರೆಯಲಿಲ್ಲ. ಅವರದು ಕ್ಷೌರದ ಅಂಗಡಿ. ಮಗನ ಫೀಸು ಕಟ್ಟಿದ್ದು ತಲೆಗೂದಲು ಕತ್ತರಿಸಿದ ದುಡ್ಡಿನಲ್ಲಿ. ಶುಲ್ಜ್ ಇದನ್ನು ಮುಚ್ಚಿಡಲಿಲ್ಲ. ಚಾರ್ಲಿ ಬ್ರೌನನ ಅಪ್ಪನಿಗೂ ಅದೇ ಕೆಲಸ ಕೊಟ್ಟರು, ಪ್ರಪಂಚಕ್ಕೆಲ್ಲಾ ಗೊತ್ತಾಗುವ ಹಾಗೆ. ಜೂನ್ ತಿಂಗಳಲ್ಲಿ ತರಗತಿಯಲ್ಲಿ ಎಲ್ಲರ ತಂದೆಯ ಉದ್ಯೋಗ ಕೇಳಿದಾಗ ನಾನು ಅಂಗಡಿ ಎಂದಷ್ಟೇ ಹೇಳಿದ್ದೆ. ಹಿಂದಿನ ಬೆಂಚಿನಿಂದ ಯಾರೋ ಕತ್ತರಿಯ ಸದ್ದು ಮಾಡಿದರು. ನಾನು ತಿರುಗಿ ನೋಡಲಿಲ್ಲ.

ಕೆಳಗಿನ ಚಿತ್ರ ನಮ್ಮ ಅಪ್ಪನ ಕಟಿಂಗ್ ಅಂಗಡಿಯದು. ಬೆಂಚಿನ ಮೇಲೆ ಕೂತು ಹಳೆಯ ಬಾಲಮಂಗಳ ಓದುತ್ತಿರುವವನು ನಾನು. ಕನ್ನಡಿಯಲ್ಲಿ ಕಾಣುವುದು ಅಪ್ಪನ ಮುಖ. ಅಲ್ಲಿ ಮೂರು ಸಲ ರಬ್ಬರಿನಿಂದ ಅಳಿಸಿ ಬರೆದಿದ್ದೇನೆ, ಹಾಳೆ ಸ್ವಲ್ಪ ಸವೆದಿದೆ.

– 7ನೇ ತರಗತಿ ವಿದ್ಯಾರ್ಥಿ