ಹೊವಾರ್ಡ್ ರಿಕೆಟ್ಸ್

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯ ಜನರಿಗೆ ಗಾಳಿ ಬೆಳಕಿರುವ ನೆಲೆ ಬೇಕೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದುವು. ಇಲಿಯ ಮೈಮೇಲಿನ ಚಿಗಟವು ಆ ರೋಗವನ್ನು ಹರಡುವುದೆಂಬ ಸಂಗತಿ ಆಗಿನ್ನೂ ಜನರಿಗೆ ತಿಳಿದಿರಲಿಲ್ಲ. ಇಂತಹ ಅಲ್ಪಜೀವಿಗಳ ಗುಟ್ಟನ್ನು ಅರಿಯಲು ಪ್ರಾಣವನ್ನೇ ತೆತ್ತವನು ಅಮೆರಿಕದ ವೈದ್ಯವಿಜ್ಞಾನಿ ಹೊವಾರ್ಡ್ ಟೇಲರ್ ರಿಕೆಟ್ಸ್.

1871ರಲ್ಲಿ ಒಹಾಯೊ ರಾಜ್ಯದಲ್ಲಿ ಜನಿಸಿದ ಆತನು ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲಿ, ಮೈಮೇಲೆ ಮಚ್ಚೆಗಳನ್ನೆಬ್ಬಿಸಿ ಜನರನ್ನು ಬಲಿಗೊಳ್ಳುತ್ತಿದ್ದ ಜ್ವರವೊಂದರ ಕಾರಣವನ್ನು ಹುಡುಕಲು 1906ರಲ್ಲಿ ಹೊರಟನು. ರಕ್ತ ಹೀರುವ ಉಣುಗು ಅದನ್ನು ಹರಡುವುದೆಂದು ಪ್ರಯೋಗಗಳಿಂದ ತೋರಿಸಿದನು. ಅಷ್ಟಕ್ಕೇ ತೃಪ್ತನಾಗದೆ, ಸೋಂಕು ತಗುಲಿದ ತಾಯಿ ಉಣುಗಿನ ಸಂತತಿಯನ್ನೂ ಪರೀಕ್ಷಿಸಿದನು. ರೋಗವು ಮೊಟ್ಟೆಯ ಮೂಲಕ ಮರಿಗಳಿಗೂ ಇಳಿಯಬಲ್ಲುದು! ಇನ್ನೂ ಯಾರನ್ನೂ ಕಚ್ಚದ ಮರಿಯೂ ಅದನ್ನು ಹೊತ್ತೇ ಹುಟ್ಟಬಹುದು.

1910ರಲ್ಲಿ ಆತನು ಮೆಕ್ಸಿಕೊ ನಗರದಲ್ಲಿ, ಹೇನಿನಿಂದ ಹರಡುವ ಟೈಫಸ್ ಜ್ವರವನ್ನು ಅಭ್ಯಸಿಸುತ್ತಿದ್ದನು. ಅದೇ ಜ್ವರ ತಗುಲಿ ಮೇ 3ರಂದು ತೀರಿಕೊಂಡನು. ಆಗ ಆತನ ವಯಸ್ಸು 39. ಈ ರೋಗಾಣುಗಳ ಕುಲಕ್ಕೆ ರಿಕೆಟ್ಸಿಯ ಎಂಬ ಹೆಸರು ಬಂದುದು ಆತನ ಸ್ಮರಣೆಗಾಗಿ.

ನಮ್ಮ ನಾಡಿನಲ್ಲಿಯೂ ಕಾಣುವ ಸ್ಕ್ರಬ್ ಟೈಫಸ್ ಜ್ವರವನ್ನು ಹರಡುವ ನುಸಿಯ ರೀತಿಯೂ ಇಂತಹುದೇ. ಪೊದೆ, ಹುಲ್ಲುಗಳಲ್ಲಿರುವ ಅದರ ಮರಿ ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಮಾತ್ರ ಪ್ರಾಣಿಯನ್ನೋ ಮನುಷ್ಯನನ್ನೋ ಕಚ್ಚುತ್ತದೆ. ಆ ಒಂದೇ ಕಡಿತಕ್ಕೆ ಬೇಕಾದ ರೋಗಾಣು ಅದಕ್ಕೆ ತಾಯಿಯಿಂದಲೇ ಬಂದಿರುತ್ತದೆ. ವೈದ್ಯರು ಇಂದು ಈ ಜ್ವರವನ್ನು ಬೇಗ ಗುರುತಿಸಿದರೆ ಔಷಧದಿಂದ ಗುಣಪಡಿಸಬಲ್ಲರು. ಆ ಅರಿವಿನ ಹಿಂದೆ ರಿಕೆಟ್ಸನಂತಹವರ ತ್ಯಾಗವಿದೆ.